ಗಾಳಿಯಿಲ್ಲದ ಕಡಲಿಗೆ ತೆರೆ ಎಲ್ಲಿಂದ ಬಂತು?

ಮಹಾಪೆಯ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ದುಡಿಯುವ, ಹೆಜಮಾಡಿ ಕಡೆಯ ಯುವ ಓದುಗರೊಬ್ಬರು ಪ್ರಶ್ನೆಯೊಂದನ್ನು ಕಳಿಸಿದ್ದಾರೆ. ಏಪ್ರಿಲ್‌ನಲ್ಲಿ ರಜೆ ಹಾಕಿ ಊರಿಗೆ ಹೋದವರು ಹತ್ತಿರದ ಸಸಿಹಿತ್ಲು ಕಡಲಿನಲ್ಲಿ ಸರ್ಫಿಂಗ್ ಕಲಿಯಲು ಇಳಿದರಂತೆ. ಬೆಳಗಿನ ಹೊತ್ತು, ತೆಂಗಿನ ಗರಿ ಅಲ್ಲಾಡುವಷ್ಟೂ ಗಾಳಿಯಿಲ್ಲ. ಆದರೂ ಎದೆಮಟ್ಟದ ತೆರೆಗಳು ಒಂದರ ಹಿಂದೊಂದು ಸಾಲಾಗಿ ಬರುತ್ತಲೇ ಇದ್ದವು. ‘ಗಾಳಿಯಿಲ್ಲದೆ ಇವು ಹುಟ್ಟಿದ್ದು ಹೇಗೆ? ಅಮಾವಾಸ್ಯೆ ಹತ್ತಿರ ಬಂತಲ್ಲ, ಅದಕ್ಕೇ ಎಂದರು ಅಜ್ಜಿ. ಹಾಗಾದರೆ ಮಹಾಪೆಯ ಮಗ್ಗುಲಲ್ಲೇ ಇರುವ ಠಾಣೆ ಖಾಡಿಯಲ್ಲಿ ಅಮಾವಾಸ್ಯೆಯ ದಿನವೂ ಒಂದು ತೆರೆ ಕಾಣುವುದಿಲ್ಲವಲ್ಲ, ಯಾಕೆ?’

ಮೊದಲು ಅಮಾವಾಸ್ಯೆಯ ಮಾತು ಮುಗಿಸಿಬಿಡೋಣ. ಚಂದ್ರ ಮತ್ತು ಸೂರ್ಯ ಸೇರಿ ಮಾಡುವುದು ಉಬ್ಬರ–ಇಳಿತವನ್ನು. ಅಂದರೆ ಕಡಲಿನ ಮಟ್ಟ ದಿನಕ್ಕೆರಡು ಸಲ ನಿಧಾನವಾಗಿ ಏರಿ ಇಳಿಯುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಈ ಏರಿಳಿತ ಮುಂಬಯಿ ತೀರದಲ್ಲಿ 5 ಮೀಟರಿನ ಹತ್ತಿರ ಹೋಗುತ್ತದೆ. ಮಂಗಳೂರಿನಲ್ಲಿ ಒಂದೂವರೆ ಮೀಟರ್ ಆದರೆ ಹೆಚ್ಚು. ತೆರೆ ಹುಟ್ಟಿಸುವುದು ಚಂದ್ರನೇ ಆಗಿದ್ದರೆ ಸಸಿಹಿತ್ಲಿಗಿಂತ ಠಾಣೆ ಖಾಡಿಯ ನಮ್ಮ ಐರೋಳಿ ದಡದಲ್ಲೇ ದೊಡ್ಡ ತೆರೆ ಏಳಬೇಕಿತ್ತು. ಅಲ್ಲಿ ಏಳುವುದು ಕೆಸರಿನ ಮೇಲೆ ಮೇಯುವ ರಾಜಹಂಸಗಳು ಮಾತ್ರ. ಅಜ್ಜಿಯ ಮಾತನ್ನು ಗೌರವದಿಂದಲೇ ಪಕ್ಕಕ್ಕಿಡಬೇಕು.

ತೆರೆಯನ್ನು ಹುಟ್ಟಿಸುವುದು ಗಾಳಿಯೇ. ಆದರೆ ಆ ಗಾಳಿ ಬೀಸಿದ್ದು ಸಸಿಹಿತ್ಲಿನಲ್ಲಲ್ಲ. ಈ ಸಂಗತಿ ಎಷ್ಟು ಸಲ ಓದಿದರೂ ನನಗೆ ರೋಮಾಂಚನವಾಗುತ್ತದೆ. ಭೂಮಧ್ಯರೇಖೆ ದಾಟಿ, ಮಡಗಾಸ್ಕರಿಗಿಂತಲೂ ಕೆಳಗೆ, ದಕ್ಷಿಣದ 40ರಿಂದ 60 ಡಿಗ್ರಿ ಅಕ್ಷಾಂಶಗಳ ನಡುವೆ, ಅಂಟಾರ್ಕ್ಟಿಕವನ್ನು ಸುತ್ತುವರಿದ ಸಾಗರವಿದೆ. ಅಲ್ಲಿ ಗಾಳಿಗೆ ಅಡ್ಡ ನಿಲ್ಲುವ ನೆಲವೇ ಇಲ್ಲವೆನ್ನಬಹುದು. ವರ್ಷವಿಡೀ ಒಂದಲ್ಲ ಒಂದು ಬಿರುಗಾಳಿ ಸಾವಿರಾರು ಕಿಲೋಮೀಟರ್ ನೀರನ್ನು ಉಜ್ಜಿಕೊಂಡು ಹೋಗುತ್ತದೆ. ಏಪ್ರಿಲ್, ಮೇ ಬಂದರೆ ಅಲ್ಲಿ ಚಳಿಗಾಲ ಸಮೀಪಿಸಿ ಗಾಳಿ ಇನ್ನೂ ಬಿರುಸಾಗುತ್ತದೆ. ನಮ್ಮಲ್ಲಿ ಅದೇ ಹೊತ್ತಿಗೆ ಮಳೆಗಾಲಕ್ಕೆ ಮುಂಚಿನ ನಿಶ್ಶಬ್ದ ಕಡಲು. ಹೆಜಮಾಡಿಯ ಓದುಗರು ಮೈಯೊಡ್ಡಿದ ತೆರೆಯ ತವರು ಸುಮಾರು 7,000 ಕಿಲೋಮೀಟರ್ ದೂರದ ಆ ಕಡಲು.

ಬಿರುಗಾಳಿಯ ಅಡಿಯಲ್ಲಿ ಉದ್ದದ, ಗಿಡ್ಡದ, ನಾನಾ ಅಳತೆಯ ಅಲೆಗಳು ಒಟ್ಟಿಗೇ ಏಳುತ್ತವೆ. ಅಲ್ಲಿ ಕಾಣುವುದು ಬರೀ ಗದ್ದಲ. ಆದರೆ ಆಳ ನೀರಿನಲ್ಲಿ ಉದ್ದದ ಅಲೆ ಗಿಡ್ಡ ಅಲೆಗಿಂತ ವೇಗವಾಗಿ ಓಡುತ್ತದೆ. ಮುಂಬಯಿ ಮ್ಯಾರಥಾನ್ ನೋಡಿದವರಿಗೆ ಗೊತ್ತು: ಹೊರಡುವಾಗ ಎಲ್ಲರೂ ಒಂದೇ ಗುಂಪು, ಕೆಲವು ಕಿಲೋಮೀಟರ್ ಕಳೆಯುವಷ್ಟರಲ್ಲಿ ಓಟದ ಬಲಕ್ಕೆ ತಕ್ಕಂತೆ ಜನ ತಾವಾಗಿಯೇ ಬೇರೆಬೇರೆಯಾಗಿರುತ್ತಾರೆ. ಸಾಗರವೂ ಅಲೆಗಳನ್ನು ಹೀಗೆಯೇ ಹೆಕ್ಕಿ ಬೇರ್ಪಡಿಸುತ್ತದೆ. ಒಂದು ನೆತ್ತಿ ಹಾದುಹೋದ ಮೇಲೆ ಮುಂದಿನದು ಬರಲು 18 ಸೆಕೆಂಡ್ ಹಿಡಿಯುವ ಅಲೆಗಳ ಗುಂಪು ಗಂಟೆಗೆ 50 ಕಿಲೋಮೀಟರ್ ಸಾಗಿ ಆರು ದಿನದೊಳಗೆ ನಮ್ಮ ಕರಾವಳಿ ಮುಟ್ಟುತ್ತದೆ. 14 ಸೆಕೆಂಡಿನವಕ್ಕೆ ಏಳೂವರೆ ದಿನ ಬೇಕು. 12 ಸೆಕೆಂಡಿನವು ಬರುವಾಗ ಎಂಟೂವರೆ ದಿನ ದಾಟಿರುತ್ತದೆ. ಇನ್ನೂ ಗಿಡ್ಡವು ದಾರಿಯಲ್ಲೇ ಕರಗಿಹೋಗುತ್ತವೆ. ಸಸಿಹಿತ್ಲಿನ ಆ ಅಚ್ಚುಕಟ್ಟಾದ ಸಾಲಿಗೆ ಕಾರಣ ಇದೇ. ಸರ್ಫರುಗಳು ಇದನ್ನು ಸ್ವೆಲ್ ಎನ್ನುತ್ತಾರೆ.

ಈ ಲೆಕ್ಕವನ್ನು ತಿರುಗಿಸಿ ಓದಬಹುದು. ಅದಕ್ಕೆ ಬೇಕಾಗಿರುವುದು ಕೈಗಡಿಯಾರ ಒಂದೇ. ದಡದಲ್ಲಿ ಕುಳಿತು ಹತ್ತು ತೆರೆಗಳಿಗೆ ಹಿಡಿಯುವ ಸಮಯ ನೋಡಿ ಹತ್ತರಿಂದ ಭಾಗಿಸಿ. ಮರುದಿನ, ಅದರ ಮರುದಿನ ಮತ್ತೆ ನೋಡಿ. ಅಂತರ ಬೇಗಬೇಗ ಇಳಿಯುತ್ತಿದ್ದರೆ ಬಿರುಗಾಳಿ ಹತ್ತಿರದ್ದು, ನಿಧಾನವಾಗಿ ಇಳಿದರೆ ದೂರದ್ದು. ನಾನೂ ಸಸಿಹಿತ್ಲಿನ ಮರಳಿನ ಮೇಲೆ ಕುಳಿತು ಎಣಿಸಿದ್ದೇನೆ. ಅಂಕಿ ದಿನದಿಂದ ದಿನಕ್ಕೆ ಇಳಿಯುವುದನ್ನು ಕಣ್ಣಾರೆ ಕಾಣುವ ಸುಖ ಬೇರೆಯೇ. ಸಾಗರ ವಿಜ್ಞಾನಿ ವಾಲ್ಟರ್ ಮಂಕ್ ಈ ಉಪಾಯದಿಂದಲೇ ಮೆಕ್ಸಿಕೋ ಬಳಿಯ ದ್ವೀಪಕ್ಕೆ ಬಂದ ಅಲೆಗಳ ಮೂಲವನ್ನು ಹಿಂದೂ ಮಹಾಸಾಗರದ ದಕ್ಷಿಣ ತುದಿಯವರೆಗೆ ಹುಡುಕಿಕೊಂಡು ಹೋದರು. 1963ರಲ್ಲಿ ನ್ಯೂಜಿಲೆಂಡ್‌ನಿಂದ ಅಲಾಸ್ಕದವರೆಗೆ ಅಳತೆಯ ಕೇಂದ್ರಗಳನ್ನು ಹೂಡಿ, ಉದ್ದದ ಅಲೆ ಪೆಸಿಫಿಕ್ಕನ್ನು ಪೂರ್ತಿ ದಾಟಿದರೂ ದಾರಿಯಲ್ಲಿ ಕಳೆದುಕೊಳ್ಳುವ ಬಲ ತೀರಾ ಕಡಿಮೆ ಎಂದು ತೋರಿಸಿದರು.

ಇನ್ನೊಂದು ಅಚ್ಚರಿ. ಅಷ್ಟು ದೂರದಿಂದ ಬರುವುದು ಅಲ್ಲಿನ ನೀರಲ್ಲ ಎಂಬುದನ್ನು ಶಾಲೆಯಲ್ಲೇ ಕಲಿತಿರುತ್ತೇವೆ. ಆದರೆ ಹೊರಟ ತೆರೆಯೂ ಬರುವುದಿಲ್ಲ! ಆಳ ಕಡಲಿನಲ್ಲಿ ಒಂದೊಂದು ತೆರೆ ತನ್ನ ಗುಂಪಿನ ಎರಡರಷ್ಟು ವೇಗದಲ್ಲಿ ಓಡುತ್ತದೆ. ಗುಂಪಿನ ಬಾಲದಲ್ಲಿ ಹುಟ್ಟಿ, ನಡುವೆ ಬೆಳೆದು, ತಲೆಯ ಭಾಗಕ್ಕೆ ಬಂದು ಇಲ್ಲವಾಗುತ್ತದೆ. ಹಿಂದೆ ಹೊಸದೊಂದು ಹುಟ್ಟಿರುತ್ತದೆ. ತೀರ ತಲುಪುವುದು ಬಿರುಗಾಳಿ ಕೊಟ್ಟ ಶಕ್ತಿ ಮಾತ್ರ. ಕೆಲವು ದೊಡ್ಡ ತೆರೆ ಬಂದು, ಆಮೇಲೆ ಕೆಲಹೊತ್ತು ಕಡಲು ಸುಮ್ಮನಾಗುವುದನ್ನು ಸರ್ಫರುಗಳು ‘ಸೆಟ್’ ಎಂದು ಕಾಯುತ್ತಾರಲ್ಲ, ಅದು ಈ ಗುಂಪುಗಾರಿಕೆಯ ಫಲವೇ.

ಆಳದಲ್ಲಿ ಗಂಟೆಗೆ ಸುಮಾರು 80 ಕಿಲೋಮೀಟರ್ ಓಡುತ್ತಿದ್ದ 14 ಸೆಕೆಂಡಿನ ತೆರೆಗೆ 150 ಮೀಟರ್ ಆಳದಲ್ಲೇ ಕಡಲ ತಳ ತಾಗತೊಡಗುತ್ತದೆ. ಎದೆಮಟ್ಟದ ನೀರಿಗೆ ಬರುವಷ್ಟರಲ್ಲಿ ವೇಗ 13 ಕಿಲೋಮೀಟರಿಗೆ ಇಳಿದಿರುತ್ತದೆ. ಹಿಂದಿನಿಂದ ಶಕ್ತಿ ಒತ್ತಿಕೊಂಡು ಬರುವುದರಿಂದ ತೆರೆ ಎತ್ತರವಾಗಿ, ನೀರಿನ ಆಳ ತನ್ನ ಎತ್ತರದ 1.3 ಪಟ್ಟಿನಷ್ಟಾದ ಜಾಗದಲ್ಲಿ ಮುಗುಚುತ್ತದೆ. ಸಸಿಹಿತ್ಲಿನಲ್ಲಿ ಆ ಜಾಗವನ್ನು ನಿರ್ಧರಿಸುವುದು ಶಾಂಭವಿ, ನಂದಿನಿ ನದಿಗಳು ಕೂಡಿ ಕಡಲು ಸೇರುವ ಅಳಿವೆಯ ಮರಳು ದಿಬ್ಬಗಳು. ಅಲ್ಲಿ ಬಂಡೆಯಿಲ್ಲ, ಬರೀ ಮರಳು. ಪ್ರತಿ ಮಳೆಗಾಲವೂ ದಿಬ್ಬವನ್ನು ಒಡೆದು ಬೇರೆ ಕಡೆ ಕಟ್ಟುತ್ತದೆ. ಹಾಗಾಗಿ ಹೋದ ವರ್ಷ ಚೆನ್ನಾಗಿ ಒಡೆಯುತ್ತಿದ್ದ ತೆರೆ ಈ ವರ್ಷ ಅಲ್ಲೇ ಸಿಗುತ್ತದೆಂಬ ಖಾತ್ರಿಯಿಲ್ಲ. ಬೆಳಗ್ಗೆ ನೆಲದಿಂದ ಕಡಲಿಗೆ ಮೆಲ್ಲಗೆ ಬೀಸುವ ಗಾಳಿ ತೆರೆಯ ಮುಖವನ್ನು ನುಣುಪಾಗಿಡುತ್ತದೆ. ಮಧ್ಯಾಹ್ನ ಗಾಳಿ ತಿರುಗಿತೆಂದರೆ ಎಲ್ಲ ಕಲಸಿಹೋಗುತ್ತದೆ. ಪಕ್ಕದ ಮೂಲ್ಕಿಯಲ್ಲಿ 2004ರಲ್ಲಿ ಮಂತ್ರ ಸರ್ಫ್ ಕ್ಲಬ್ ಬೇರೂರಿದ್ದು ಸುಮ್ಮನೆ ಅಲ್ಲ.

ಈಗ ನಮ್ಮ ಮುಂಬಯಿ. ಇಲ್ಲಿನ ತೀರದಿಂದ ಸುಮಾರು 160 ಕಿಲೋಮೀಟರ್ ಆಚೆ ಇರುವ ಬಾಂಬೆ ಹೈ ತೈಲಕ್ಷೇತ್ರದಲ್ಲೂ ಕಡಲಿನ ಆಳ 75 ಮೀಟರಿನಷ್ಟೇ. ದಕ್ಷಿಣದಿಂದ ಬಂದ ಉದ್ದದ ತೆರೆ ಅಷ್ಟು ದೂರದಿಂದಲೂ ತಳಕ್ಕೆ ಉಜ್ಜುತ್ತಾ ಬಂದು ಸೊರಗುತ್ತದೆ. ಅದರ ಮೇಲೆ 5 ಮೀಟರಿನ ಉಬ್ಬರ–ಇಳಿತ ತೆರೆ ಒಡೆಯುವ ಜಾಗವನ್ನು ಗಂಟೆಗಂಟೆಗೂ ಹಿಂದೆ ಮುಂದೆ ಎಳೆದಾಡುತ್ತದೆ. ಇನ್ನು ಠಾಣೆ ಖಾಡಿ ಮುಂಬಯಿಯ ಬೆನ್ನ ಹಿಂದೆ ಅವಿತುಕೊಂಡ ಕಿರಿದಾದ ತೋಡು. ಅಲ್ಲಿಗೆ ಹೊರಗಿನ ತೆರೆ ಹೊಗಲಾರದು, ಒಳಗೆ ತೆರೆ ಎಬ್ಬಿಸುವಷ್ಟು ವಿಸ್ತಾರವೂ ಗಾಳಿಗಿಲ್ಲ. ತೆರೆಯಿಲ್ಲದ್ದರಿಂದಲೇ ಅಲ್ಲಿ ಕೆಸರು ನಿಂತಿತು, ಕಾಂಡ್ಲಾ ಬೆಳೆಯಿತು, ಹಕ್ಕಿ ಬಂದವು. 2022ರಲ್ಲಿ ಅದಕ್ಕೆ ಜೌಗು ಪ್ರದೇಶಗಳಿಗೆ ಕೊಡುವ ರಾಮ್ಸರ್ ಮನ್ನಣೆಯೂ ಸಿಕ್ಕಿತು.

ಕೊನೆಯದಾಗಿ, ಸಿಟ್ಟು ಬರಿಸುವ ಒಂದು ಮಾತು. ಕರಾವಳಿಯಲ್ಲಿ ಯಾರಾದರೂ ಮುಳುಗಿ ಸತ್ತರೆ ‘ಕಡಲು ಬಲಿ ಕೇಳಿತು’ ಎನ್ನುತ್ತಾರೆ. ಕಡಲು ಏನನ್ನೂ ಕೇಳುವುದಿಲ್ಲ. ದಿಬ್ಬದ ಮೇಲೆ ಒಡೆದ ತೆರೆಗಳ ನೀರು ಎಲ್ಲಿಂದಾದರೂ ವಾಪಸು ಹೋಗಬೇಕಷ್ಟೇ. ದಿಬ್ಬಗಳ ನಡುವಿನ ಕಾಲುವೆಯಲ್ಲಿ ಅದು ರಭಸವಾಗಿ ಹೊರಹರಿಯುತ್ತದೆ. ಇದೇ ರಿಪ್ ಕರೆಂಟ್. ಅಲ್ಲಿ ತೆರೆ ಒಡೆಯುವುದಿಲ್ಲ, ನೊರೆಯಿಲ್ಲ, ನೀರು ಶಾಂತವಾಗಿ ಕಾಣುತ್ತದೆ. ಈಜು ಬಾರದ ಪ್ರವಾಸಿಗರು ಸ್ನಾನಕ್ಕೆ ಆರಿಸಿಕೊಳ್ಳುವುದೂ ಆ ಶಾಂತ ಜಾಗವನ್ನೇ! ಅದು ಯಾರನ್ನೂ ಕೆಳಕ್ಕೆ ಎಳೆಯುವುದಿಲ್ಲ, ಹೊರಕ್ಕೆ ಒಯ್ಯುತ್ತದೆ. ದಡದತ್ತ ಎದುರು ಈಜಿದವರು ದಣಿದು ಮುಳುಗುತ್ತಾರೆ. ತೇಲುತ್ತಾ ಕೈಯೆತ್ತಿ ಸಹಾಯ ಕೇಳಬೇಕು, ಈಜು ಬಲ್ಲವರು ದಡಕ್ಕೆ ಸಮಾನಾಂತರವಾಗಿ ಸರಿದು ಹೊರಬರಬೇಕು. ಬಲಿಯ ಕಥೆ ಹೇಳುವ ಬದಲು ಇದನ್ನು ಮಕ್ಕಳಿಗೆ ಕಲಿಸಿದರೆ ಜೀವ ಉಳಿಯುತ್ತದೆ.

ಹೆಜಮಾಡಿಯ ಗೆಳೆಯರೇ, ಮುಂದಿನ ಸಲ ಟಿಕೆಟ್ ಮಾಡಿಸುವ ಮೊದಲು ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಕೊಡುವ ಅಲೆಗಳ ಮುನ್ಸೂಚನೆ ನೋಡಿ. ಎತ್ತರವನ್ನಷ್ಟೇ ಅಲ್ಲ, ಅವಧಿಯ ಸೆಕೆಂಡುಗಳನ್ನೂ ಗಮನಿಸಿ. 14ರ ಆಚೀಚೆ ಇದ್ದು ಗಾಳಿ ಕಡಿಮೆಯಿದ್ದರೆ ಬೆಳಗ್ಗೆ ಬೇಗ ಹೋಗಿ. ಆದರೆ ಅಂಥ ಉದ್ದದ ತೆರೆ ಎತ್ತರವಾಗಿದ್ದು, ಅಮಾವಾಸ್ಯೆ ಅಥವಾ ಹುಣ್ಣಿಮೆಯ ಉಬ್ಬರದೊಡನೆ ಕೂಡಿ ಬಂದರೆ ಗಾಳಿ ಮಳೆ ಇಲ್ಲದೆಯೂ ಕಡಲು ದಡದ ಮನೆಗಳಿಗೆ ನುಗ್ಗುವುದುಂಟು. ಇನ್‌ಕಾಯಿಸ್ ಅದಕ್ಕೂ ಎಚ್ಚರಿಕೆ ಕೊಡುತ್ತದೆ. ಆ ಎಚ್ಚರಿಕೆ ಇರುವ ದಿನ ಮತ್ತು ಜೂನ್‌ನಿಂದ ಆಗಸ್ಟ್‌ವರೆಗೆ, ಕಲಿಯುವವರು ನೀರಿಗೆ ಇಳಿಯಲೇಬಾರದು.