ಕಲ್ಲು ಹೇಳುವ ವಂಶವೃತ್ತಾಂತ

ತನ್ನ ಹಿಂದಿನವರು ಯಾರು, ಎಲ್ಲಿದ್ದರು ಎಂಬುದನ್ನು ಅರಿಯಬೇಕೆಂಬ ಹಂಬಲವು ಮನುಷ್ಯನಿಗೆ ಸಹಜವಾದುದು. ಶ್ರಾದ್ಧದಲ್ಲಿ ಮೂರು ತಲೆಯ ಪಿತೃಗಳನ್ನು ಹೆಸರಿಸುವ ಮನೆಗಳಲ್ಲಿಯೂ ನಾಲ್ಕನೆಯ ಹೆಸರನ್ನು ಕೇಳಿದರೆ ಬಹುಮಂದಿ ಸುಮ್ಮನಾಗುವರು. ಯೂರೋಪಿನ ಯೆಹೂದ್ಯರಿಗಾದರೋ ಇದು ಬರಿಯ ಮರೆವಿನ ಮಾತಲ್ಲ. 1939ರಿಂದ 1945ರ ವರೆಗಿನ ಮಹಾಯುದ್ಧದ ಕಾಲದಲ್ಲಿ ನಾಜಿಗಳು ಸುಮಾರು 60 ಲಕ್ಷ ಯೆಹೂದ್ಯರನ್ನು ಕೊಂದರು. ಹೆಸರು ಹೇಳಬಲ್ಲ ಹಿರಿಯರೂ, ಹೆಸರು ಬರೆದಿಟ್ಟ ಪುಸ್ತಕಗಳೂ ಅನೇಕ ಊರುಗಳಲ್ಲಿ ಒಟ್ಟಿಗೆ ನಾಶವಾದುವು. ಅಂತಹ ಕಡೆ ವಂಶವನ್ನು ಹುಡುಕುವವರಿಗೆ ಉಳಿದ ಆಧಾರವೆಂದರೆ ಹಳೆಯ ಸ್ಮಶಾನದ ಕಲ್ಲುಗಳೇ.

ಯೆಹೂದ್ಯರು ಸ್ಮಶಾನವನ್ನು 'ಜೀವಗೃಹ' ಎಂಬರ್ಥದ ಮಾತಿನಿಂದಲೂ ಕರೆಯುವರು. ಒಮ್ಮೆ ಹೂಳಿದವರನ್ನು ಕದಲಿಸಬಾರದೆಂಬುದು ಅವರ ಧರ್ಮನಿಯಮ. ಪ್ರಾಗ್ ನಗರದ ಹಳೆಯ ಸ್ಮಶಾನದಲ್ಲಿ ಸ್ಥಳ ಸಾಲದಾದಾಗ ಹಳೆಯ ಗೋರಿಗಳನ್ನು ತೆಗೆಯದೆ, ಮೇಲೆ ಹೊಸ ಮಣ್ಣನ್ನು ತುಂಬಿಸಿ ಪದರಪದರವಾಗಿ ಹೂಳಿದರು. ಅಲ್ಲಿ ಸುಮಾರು 12,000 ಕಲ್ಲುಗಳು ಒಂದಕ್ಕೊಂದು ಒರಗಿಕೊಂಡಿರುವುವು. ಅತ್ಯಂತ ಹಳೆಯದು 1439ರದು; 1787ರಲ್ಲಿ ಅಲ್ಲಿ ಹೂಳುವುದು ನಿಂತಿತು.

ಈ ಕಲ್ಲುಗಳಿಂದ ತಿಳಿಯುವುದೇನು? ಮೃತರ ಹೆಸರಿನೊಡನೆ ತಂದೆಯ ಹೆಸರನ್ನೂ ಕೆತ್ತುವುದು ವಾಡಿಕೆಯಾದುದರಿಂದ ಒಂದೇ ಕಲ್ಲಿನಲ್ಲಿ ಎರಡು ತಲೆಮಾರು ದೊರೆಯುವುದು. ಆಸ್ಟ್ರಿಯದಲ್ಲಿ 1787ರಲ್ಲಿ, ಪ್ರಷ್ಯದಲ್ಲಿ 1812ರಲ್ಲಿ ಸರ್ಕಾರವು ಸ್ಥಿರವಾದ ಮನೆತನದ ಹೆಸರನ್ನು ಕಡ್ಡಾಯ ಮಾಡಿತು. ಅದಕ್ಕೆ ಮುಂಚೆ 'ಇಂತಹವನ ಮಗ ಇಂತಹವನು' ಎಂಬುದೇ ಸಾಮಾನ್ಯ ರೂಢಿ. ಚಿಹ್ನೆಗಳೂ ಮಾತನಾಡುವುವು: ಆಶೀರ್ವದಿಸುವ ಎರಡು ಕೈಗಳಿದ್ದರೆ ಪುರೋಹಿತವಂಶ, ನೀರಿನ ಹೂಜಿ ಇದ್ದರೆ ಲೇವಿಯರ ವಂಶ.

ಕಾಲವನ್ನು ಹೀಬ್ರೂ ಅಕ್ಷರಗಳಿಂದಲೇ ಸೂಚಿಸುವರು. ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆಯುಂಟು. ನಮ್ಮ ಕಟಪಯಾದಿ ಸಂಖ್ಯೆಯನ್ನು ಬಲ್ಲವರಿಗೆ ಇದು ಹೊಸದೆನಿಸದು. ಸಾಮಾನ್ಯವಾಗಿ ಐದು ಸಾವಿರವನ್ನು ಬಿಟ್ಟು ಉಳಿದುದನ್ನು ಮಾತ್ರ ಕೆತ್ತುವರು. ಅದಕ್ಕೆ 1240ನ್ನು ಕೂಡಿಸಿದರೆ ಇಂಗ್ಲಿಷ್ ವರ್ಷ ಬರುವುದು: 640 ಎಂದಿದ್ದರೆ 1880. ಅವರ ಹೊಸವರ್ಷವು ಶರತ್ಕಾಲದಲ್ಲಿ ಹುಟ್ಟುವುದರಿಂದ, ಮೊದಲಿನ ಮೂರು ತಿಂಗಳಲ್ಲಿ ಮೃತರಾದವರಿಗೆ 1879 ಎಂದೇ ಬರೆಯಬೇಕು.

ದಾಖಲೆ ಮಾಡುವ ಕೆಲಸಕ್ಕೆ ಹಣಕ್ಕಿಂತ ತಾಳ್ಮೆ ಹೆಚ್ಚಾಗಿ ಬೇಕು. ಮೊದಲು ಗಿಡಗಂಟಿಗಳನ್ನು ಕಡಿದು, ಸಾಲುಗಳಿಗೆ ಸಂಖ್ಯೆ ಕೊಟ್ಟು, ನಕ್ಷೆ ಬರೆಯುವರು. ಪಾಚಿಯನ್ನು ನೀರು ಮತ್ತು ಮೃದುವಾದ ಕುಂಚದಿಂದ ಮಾತ್ರ ತೆಗೆಯಬೇಕು. ತಂತಿಯ ಕುಂಚದಿಂದ ಉಜ್ಜಿದರೆ ಇರುವ ಅಕ್ಷರವೂ ಹೋದೀತು. ಸವೆದ ಬರಹದ ಮೇಲೆ ಕನ್ನಡಿಯಿಂದ ಓರೆಯಾಗಿ ಬೆಳಕನ್ನು ಬೀರಿದರೆ ನೆರಳಿನಲ್ಲಿ ಅಕ್ಷರಗಳು ಎದ್ದು ಕಾಣುವುವು. ಬಳಿಕ ಚಿತ್ರ ತೆಗೆದು, ಕಂಡಷ್ಟನ್ನು ಮಾತ್ರ ಬರೆದುಕೊಳ್ಳಬೇಕು; ಕಾಣದುದನ್ನು ಊಹಿಸಿ ತುಂಬಿದರೆ ಬೇರೊಂದು ಮನೆಯ ವಂಶವೇ ಕೆಡುವುದು. ಜ್ಯೂಯಿಶ್‌ಜೆನ್ ಎಂಬ ಸಂಸ್ಥೆಯು ಹೀಗೆ ಸಂಗ್ರಹವಾದ ಲಕ್ಷಗಟ್ಟಲೆ ಹೆಸರುಗಳನ್ನು ದೂರದೇಶದವರೂ ಹುಡುಕಬಹುದಾದಂತೆ ಒಂದೆಡೆ ಸೇರಿಸಿದೆ.

ಆದರೆ ಕಲ್ಲಿಗೂ ಆಯುಸ್ಸುಂಟು. ಪೋಲೆಂಡಿನಲ್ಲಿ ನಾಜಿಗಳು ಗೋರಿಗಲ್ಲುಗಳನ್ನು ಕಿತ್ತು ರಸ್ತೆಗೆ ಹಾಸಿದರು. ಯುದ್ಧಾನಂತರವೂ ಕಟ್ಟಡಗಳಿಗೆ ಬಳಸಿದವರುಂಟು. ಉಳಿದುವನ್ನು ಮಳೆ, ಹಿಮ, ಮರದ ಬೇರುಗಳು ಸವೆಯಿಸುತ್ತಿರುವುವು. ಇಂದು ಓದಲಾಗುವ ಹೆಸರು ನಾಳೆಯೂ ಓದಲಾದೀತೆಂಬ ಭರವಸೆಯಿಲ್ಲ.

ನಮ್ಮ ದೇಶಕ್ಕೂ ಈ ವಿಷಯವು ಹೊರಗಲ್ಲ. ಕೇರಳದ ಚೇಂದಮಂಗಲದಲ್ಲಿ ಸಾರಾ ಎಂಬ ಯೆಹೂದ್ಯ ಸ್ತ್ರೀಯ 1269ರ ಹೀಬ್ರೂ ಗೋರಿಗಲ್ಲುಂಟು. ಬೆಂಗಳೂರಿನ ಮೈಸೂರು ರಸ್ತೆಯಲ್ಲಿಯೂ ಯೆಹೂದ್ಯರ ಚಿಕ್ಕ ಸ್ಮಶಾನವೊಂದುಂಟು. ವೀರಗಲ್ಲು ಮಾಸ್ತಿಗಲ್ಲುಗಳ ನಾಡಿನವರಾದ ನಮಗೆ ಕಲ್ಲಿನ ಬೆಲೆಯನ್ನು ಹೇಳಿಕೊಡಬೇಕಾದುದಿಲ್ಲ. ಆದರೂ ಕಲ್ಲನ್ನು ಓದುವುದಕ್ಕಿಂತ ಹಿರಿಯರನ್ನು ಕೇಳುವುದು ಸುಲಭ. ಮನೆಯಲ್ಲಿ ಅಜ್ಜಿಯೋ ಅಜ್ಜನೋ ಇರುವ ವಾಚಕರು ಈ ತಿಂಗಳೇ ಒಂದು ಪುಸ್ತಕವನ್ನು ತೆರೆದು, ಅವರು ಹೇಳಿದ ಹೆಸರುಗಳನ್ನೂ ಊರುಗಳನ್ನೂ ಬರೆದಿಡಲಿ. ಮುಂದಿನವರು ಅದನ್ನು ಹುಡುಕಿಕೊಂಡು ಬಂದೇ ಬರುವರು.