ವೃದ್ಧನ ಯಂತ್ರಮಂಚ

ಜಪಾನಿನಲ್ಲಿ 65 ವರ್ಷ ಮೀರಿದವರು 1970ರಲ್ಲಿ ಜನಸಂಖ್ಯೆಯ ಶೇಕಡ 7ರಷ್ಟಿದ್ದರು. 1994ರ ವೇಳೆಗೆ ಈ ಪ್ರಮಾಣ ಶೇಕಡ 14ಕ್ಕೇರಿತು. ಹಾಸಿಗೆ ಹಿಡಿದ ಹಿರಿಯರ ಶುಶ್ರೂಷೆ ಬಹುಮಟ್ಟಿಗೆ ಮನೆಯ ಹೆಂಗಸರ, ಅದರಲ್ಲೂ ಸೊಸೆಯಂದಿರ, ಪಾಲಿಗೆ ಬೀಳುತ್ತಿತ್ತು. ಈ ಭಾರವನ್ನು ಯಂತ್ರಕ್ಕೆ ವಹಿಸಿಬಿಟ್ಟರೆ ಹೇಗೆ? 1991ರಲ್ಲಿ ತೆರೆಕಂಡ ‘ರೋಜಿನ್ ಜೆಡ್’ ಎಂಬ ಕಾರ್ಟೂನ್ ಚಲನಚಿತ್ರ ಈ ಪ್ರಶ್ನೆಯನ್ನೆತ್ತಿಕೊಂಡು ವಿನೋದವಾಡುತ್ತದೆ. ‘ರೋಜಿನ್’ ಎಂದರೆ ವೃದ್ಧ. ಕಥೆ ಕತ್ಸುಹಿರೊ ಒತೊಮೊ ಅವರದು. ನಿರ್ದೇಶನ ಹಿರೊಯುಕಿ ಕಿತಕುಬೊ ಅವರದು.

ಸರಕಾರವು ತಕಜಾವಾ ಎಂಬ ವಿಧುರನನ್ನು ಪ್ರಯೋಗಕ್ಕೆಂದು ಆರಿಸುತ್ತದೆ. ಅವನನ್ನು ಮಲಗಿಸಿದ ಮಂಚ ಸಾಮಾನ್ಯವಾದುದಲ್ಲ. ಅದು ಉಣಿಸುತ್ತದೆ, ಮೀಯಿಸುತ್ತದೆ, ಮಲಮೂತ್ರಗಳನ್ನು ಶುಚಿಗೊಳಿಸುತ್ತದೆ, ಅಂಗಸಾಧನೆ ಮಾಡಿಸುತ್ತದೆ. ಅದರೊಡಲಲ್ಲಿ ಗಣಕಯಂತ್ರವಲ್ಲದೆ ಪರಮಾಣು ಸ್ಥಾವರವೂ ಉಂಟು! ಅಧಿಕಾರಿಗಳಿಗೆ ಹೆಮ್ಮೆಯೋ ಹೆಮ್ಮೆ. ಇದೆಲ್ಲ ನಿನಗೆ ಬೇಕೇ ಎಂದು ವೃದ್ಧನನ್ನು ಕೇಳಿದವರು ಮಾತ್ರ ಯಾರೂ ಇಲ್ಲ. ಆತನಾದರೋ ಹಿಂದೆ ತನ್ನನ್ನು ನೋಡಿಕೊಳ್ಳುತ್ತಿದ್ದ ಹರುಕೊ ಎಂಬ ದಾದಿ ವಿದ್ಯಾರ್ಥಿನಿಯನ್ನು ಆ ಗಣಕಯಂತ್ರದ ಮೂಲಕವೇ ಮೊರೆಯಿಟ್ಟು ಕರೆಯುತ್ತಾನೆ.

ಆಕೆಗೆ ಪರಿಚಿತರಾದ ಕೆಲವರು ಮುದುಕರು, ಗಣಕಯಂತ್ರದಲ್ಲಿ ಪಳಗಿದವರು, ಮಂಚಕ್ಕೆ ತಕಜಾವಾನ ಗತಿಸಿದ ಪತ್ನಿಯ ದನಿಯನ್ನು ಕೊಡುತ್ತಾರೆ. ದನಿಯೊಡನೆ ಮನಸ್ಸೂ ಬಂದಂತಾಗುತ್ತದೆ. ವೃದ್ಧನಿಗೆ ಕಮಕುರದ ಕಡಲನ್ನು ನೋಡುವಾಸೆ. ಮಂಚ ಅವನನ್ನು ಹೊತ್ತು, ಅಡ್ಡಬಂದುದನ್ನೆಲ್ಲ ಕೆಡವುತ್ತ, ಅತ್ತ ಹೊರಟೇಬಿಡುತ್ತದೆ. ಅದರ ಹಿಂದೆ ಯುದ್ಧಾಸ್ತ್ರದ ಹಂಚಿಕೆಯೊಂದು ಅಡಗಿತ್ತೆಂಬ ಗುಟ್ಟೂ ಬಯಲಾಗುತ್ತದೆ.

ಚಿತ್ರವು ಯಂತ್ರವನ್ನು ಹಳಿಯುತ್ತದೆ ಎನ್ನಲಾಗದು. ವೃದ್ಧನ ಆಸೆಗೆ ಕಿವಿಗೊಟ್ಟದ್ದು ಯಂತ್ರವೇ, ಕಿವುಡಾದವರು ಅಧಿಕಾರಿಗಳು.

2000ದಲ್ಲಿ ಜಪಾನ್ ಹಿರಿಯರ ಶುಶ್ರೂಷೆಗೆಂದೇ ವಿಮೆಯೊಂದನ್ನು ಜಾರಿಗೆ ತಂದಿತು. ನೇವರಿಸಿದರೆ ದನಿಗೊಡುವ, ಸೀಲ್ ಮರಿಯ ರೂಪದ ‘ಪಾರೊ’ ಎಂಬ ಯಂತ್ರವೂ ಅಲ್ಲಿನ ವೃದ್ಧರ ಮಡಿಲಿಗೆ ಬಂದಿದೆ. ಆದರೆ ಹಾಸಿಗೆಯಿಂದ ಎಬ್ಬಿಸಿ ಕೂರಿಸುವ ಕೆಲಸ ಇಂದಿಗೂ ಹೆಚ್ಚಾಗಿ ಮನುಷ್ಯರ ಕೈಯಲ್ಲೇ ಉಳಿದಿದೆ.