ಅವನನ್ನೂ ಕರೆದೊಯ್ಯೋಣ

ಪ್ರವಾಸವೆಂದರೆ ಯಾವ ಮಗುವಿಗೆ ತಾನೇ ಇಷ್ಟವಿಲ್ಲ? ಆದರೂ ಸದ್ದಿಗೆ ಬೆದರುವ, ಸರದಿಯಲ್ಲಿ ನಿಲ್ಲಲಾರದ, ಗಾಲಿಕುರ್ಚಿಯಲ್ಲಿ ಓಡಾಡುವ ಮಗುವನ್ನು 'ಪಾಪ, ಅದಕ್ಕೆ ಕಷ್ಟ' ಎಂದು ಮನೆಯಲ್ಲೇ ಬಿಟ್ಟು ಹೋಗುವವರುಂಟು. ಇದು ಸರಿಯೇ?

ಬೆಂಗಳೂರಿನ ಬಳಿ ಬಿಡದಿಯಲ್ಲಿ 2005ರಲ್ಲಿ ತೆರೆದ ವಂಡರ್‌ಲಾದಂಥ ಉದ್ಯಾನಗಳಲ್ಲಿ ಯಂತ್ರಗಳ ಅಬ್ಬರ, ಜನಸಂದಣಿ, ಕಾಯುವ ಬೇಸರ ಮೂರೂ ಇರುತ್ತವೆ. ಆಟಿಸಂ ಇರುವ ಕೆಲವು ಮಕ್ಕಳಿಗೆ ಸಾಧಾರಣ ಸದ್ದೂ ಕಿವಿಯನ್ನು ಇರಿದಂತಾಗುತ್ತದೆ. ಆಗ ಅವರು ಅಳುವುದು ಹಟದಿಂದಲ್ಲ.

ಆದ್ದರಿಂದ ಅಭ್ಯಾಸವು ಹತ್ತಿರದಲ್ಲೇ ಆರಂಭವಾಗಲಿ. ನಮ್ಮ ಒಡ್ಡನ್‌ಛತ್ರಂನ ತರಕಾರಿ ಮಾರುಕಟ್ಟೆಯಲ್ಲಿ ಹತ್ತು ನಿಮಿಷ ಅಡ್ಡಾಡಿದರೆ ಮಗು ಎಷ್ಟು ಗದ್ದಲ ತಾಳಬಲ್ಲದೆಂದು ತಿಳಿಯುತ್ತದೆ. ಪಳನಿ ಬೆಟ್ಟದ ವಿಂಚ್ ಹತ್ತಿದರೆ ಸರದಿಯೂ ಚಲಿಸುವ ಗಾಡಿಯೂ ಪರಿಚಯವಾಗುತ್ತವೆ. ಉದ್ಯಾನಕ್ಕೆ ಹೊರಡುವ ಮುನ್ನ ಅಲ್ಲಿನ ಚಿತ್ರಗಳನ್ನು ತೋರಿಸಬೇಕು. ರಜೆಯಿಲ್ಲದ ದಿನ ಬೆಳಿಗ್ಗೆಯೇ ಹೋಗುವುದು ಮೇಲು. ಪರಿಚಿತ ತಿಂಡಿ ಜೊತೆಗಿರಲಿ, ಹೆತ್ತವರ ಫೋನ್ ನಂಬರಿನ ಚೀಟಿ ಮಗುವಿನ ಜೇಬಿನಲ್ಲಿರಲಿ. ಮಗು ಸಾಕೆಂದರೆ ಸಾಕು.

ಅಮೆರಿಕದ ಸ್ಯಾನ್ ಆಂಟೋನಿಯೊದಲ್ಲಿ ತಂದೆಯೊಬ್ಬರು ತಮ್ಮ ಮಗಳಿಗಾಗಿ ಯೋಚಿಸಿ ಕಟ್ಟಿಸಿದ ಮಾರ್ಗನ್ಸ್ ವಂಡರ್‌ಲ್ಯಾಂಡ್ 2010ರಲ್ಲಿ ತೆರೆಯಿತು. ಅಲ್ಲಿ ಗಾಲಿಕುರ್ಚಿಯೊಡನೆಯೇ ತಿರುಗುವ ಕುದುರೆಯಾಟಕ್ಕೆ ಏರಬಹುದು. ನಮ್ಮ ದೇಶದ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆಯೂ ವಿಹಾರ, ವಿನೋದಗಳಲ್ಲಿ ಅವರ ಸಮಪಾಲನ್ನು ಒಪ್ಪಿದೆ. ಅದು ದಯೆಯಲ್ಲ, ಹಕ್ಕು.

ವಿದ್ಯಾರ್ಥಿ ಮಿತ್ರರೇ, ಮುಂದಿನ ಪ್ರವಾಸದ ಪಟ್ಟಿಯಲ್ಲಿ ಅಂಥ ಗೆಳೆಯನ ಹೆಸರೂ ಇರಲಿ. ಹತ್ತು ಆಟಗಳಲ್ಲಿ ಒಂದನ್ನೇ ಆಡಿ ಅವನು ನಕ್ಕರೂ ನಮ್ಮೆಲ್ಲರ ಪ್ರವಾಸ ಸಾರ್ಥಕ.